ಒಂಬತ್ತನೆಯ ಗಂಟು

ಶಿವದೇವಿ ದಿನವೂ ಮುಂಜಾನೆ ಲಿಂಗಪೂಜೆ ಮುಗಿಸಿ, ಸನತ್‌ನಗರದ ತಮ್ಮ ಕಟ್ಟಿಗೆ ಅಡ್ಡೆಯಲ್ಲಿ ದುಡಿಯುವ ಪ್ರತಿಯೊಂದಕ್ಕೂ ವಿಭೂತಿ ಹಚ್ಚುತ್ತಾಳೆ. ತಕ್ಕಡಿಗೆ, ಮೂರು ಕೊಡಲಿಗಳಿಗೆ, ತಳ್ಳುಗಾಡಿಯ ಗಾಲಿಗಳಿಗೆ, ಕೊನೆಗೆ ಗಂಡ ಶಿವಶರಣಪ್ಪನ ಹಣೆಗೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ನಿನ್ನೆ ಸಂಜೆ ಕಟ್ಟಿಗೆ ಸೀಳುವ ಹೊಸ ಮಷೀನು ಬಂದಿಳಿದಿತ್ತು. ಇವತ್ತು ಅದಕ್ಕೂ ಹಚ್ಚಿದ್ದಳು. ನಿನ್ನೆ ಮಷೀನು ಇಳಿಸಿ ಹೋಗಿ, ಇವತ್ತು ಚಾಲೂ ಮಾಡಿಕೊಡಲು ಮತ್ತೆ ಬಂದ ಕಂಪನಿಯ ಮೆಕ್ಯಾನಿಕ್, ಬೀದರ ಕಡೆಯ ವೈಜನಾಥ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ಅದನ್ನೇ ನೋಡುತ್ತ ನಿಂತಿದ್ದ.

ವೈಜನಾಥ: ಅಕ್ಕಾರ, ನಾ ಹೇಳೂದು ಇಷ್ಟ. ಮಷೀನಿಗೆ ಕುಂಕುಮ ಹಚ್ಚವ್ರನ್ನ ನೋಡೀನಿ. ನಿಂಬಿಹಣ್ಣು ಕಟ್ಟವ್ರನ್ನೂ ನೋಡೀನಿ. ಒಂದೊಂದು ನಟ್ಟಿಗೆ ಮೂರು ಮೂರು ಬಟ್ಟು ವಿಭೂತಿ ಎಳದವ್ರನ್ನ ನೋಡಿದ್ದಿಲ್ಲ.

ಶಿವದೇವಿ: ನಟ್ಟಿಗಲ್ಲ ತಮ್ಮಾ. ಪೈಪು ಎಲ್ಲೆಲ್ಲಿ ಕೂಡ್ತಾವೋ ಅಲ್ಲಿ. ಗಂಟಿಗೆ.

ವೈಜನಾಥ: ಮುಂದ ಒಂದ ಕಡೆ ಹಚ್ಚಿದ್ರ ಸಾಕಾಗ್ತಿರಲಿಲ್ಲೇನ್ರಿ?

ಶಿವದೇವಿ: ನಿನ್ನೆ ನೀನ ಹೇಳಿದಿ, ‘ಈ ಮಷೀನಿನ ಜೀವ ಎಲ್ಲಾ ಪೈಪು ಕೂಡೂ ಗಂಟಿನ್ಯಾಗ ಐತಿ’ ಅಂತ. ಜೀವ ಎಲ್ಲೈತೋ ಅಲ್ಲಿ ಹಚ್ಚೀನಿ.

ಶಿವಶರಣಪ್ಪ: ಅಕಿ ಮುಂದ ನೋಡಿ ಮಾತಾಡು ತಮ್ಮಾ. ನಾ ಲಗ್ನದಾಗ ಏನೋ ಒಂದು ಅಂದಿದ್ದೆ. ಮೂವತ್ತು ವರ್ಷ ಆತು, ಇನ್ನೂ ನಡದೈತಿ.

ಶಿವಶರಣಪ್ಪನಿಗೆ ಅವಸರವಿತ್ತು. ಮಾಧಾಪುರದ ಒಂದು ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕಂಪನಿಯ ದಾವತ್ತು. ಸಾವಿರದ ಇನ್ನೂರು ಮಂದಿಗೆ ಬಿರಿಯಾನಿ. ಸೀಳಿದ ಕಟ್ಟಿಗೆ ಒಯ್ಯಲು ಹನ್ನೆರಡಕ್ಕೆ ಟೆಂಪೊ ಬರುತ್ತದೆ. ಕೊಡಲಿ ಹಿಡಿಯುತ್ತಿದ್ದ ಯಾದಗಿರಿಯ ಇಬ್ಬರು ಆಳುಗಳೂ ಅಂಥದೇ ಗಾಜಿನ ಕಟ್ಟಡ ಕಟ್ಟಲು ಹೋಗಿ ಎರಡು ತಿಂಗಳಾಗಿತ್ತು. ಅಂದಿನಿಂದ ಕೊಡಲಿ ಶಿವಶರಣಪ್ಪನ ಕೈಯಲ್ಲೇ. ಮಷೀನು ತರಿಸೋಣ ಎಂದವಳು ಶಿವದೇವಿ.

ವೈಜನಾಥ ಜೇಬಿನಿಂದ ಒಂದು ಕಾಗದ ತೆಗೆದ.

ವೈಜನಾಥ: ಅಣ್ಣಾರ, ಇಲ್ಲೊಂದು ಸಹಿ ಹಾಕ್ರಿ. ಪೈಪು ಕೂಡೂ ಫಿಟ್ಟಿಂಗು ಎಂಟು, ಟಿಕ್ಕು ಎಂಟು. ನಿನ್ನೆನ ನೋಡೀನಿ, ಎಲ್ಲಾ ಪಕ್ಕಾ. ಸಹಿ ಆದ ಮ್ಯಾಲ ಪೈಪು, ಫಿಟ್ಟಿಂಗು ನಿಮ್ಮ ಜವಾಬ್ದಾರಿ. ಕಂಪನಿ ಕೇಳಂಗಿಲ್ಲ.

ಶಿವಶರಣಪ್ಪ: ಪೆನ್ನು ಕೊಡು.

ಶಿವದೇವಿ: ನಿಲ್ರಿ. ಎಂಟೂ ಎಲ್ಲೆಲ್ಲಿ ಅದಾವು ತಮ್ಮಾ?

ವೈಜನಾಥ: ಪಂಪಿಗೆ ಎರಡು. ಹಿಡಿಕಿ ಕೆಳಗ ಮೂರು. ಸಿಲಿಂಡರಿಗೆ ಎರಡು. ಎಣ್ಣಿ ಟ್ಯಾಂಕಿನ ಮ್ಯಾಲ ಒಂದು. ಎಂಟು.

ಶಿವದೇವಿ: ನಾ ಒಂಬತ್ತಕ್ಕ ಹಚ್ಚೀನಿ.

ವೈಜನಾಥ: ಗಾಲಿ ನಟ್ಟಿಗೆ ಹಚ್ಚೀರಿ, ಅದನ್ನೂ ಎಣಿಸೀರಿ.

ಶಿವದೇವಿ: ಗಾಲಿಗೆ ಬ್ಯಾರೆ ಹಚ್ಚೀನಿ.

ಶಿವಶರಣಪ್ಪ: ನವಗ್ರಹ ಅಂತ ಒಂಬತ್ತು ಮಾಡೀಯೇನು?

ಶಿವದೇವಿ: ನಾವು ನವಗ್ರಹ ಮಾಡೂ ಮಂದಿ ಅಲ್ಲ ಅಂತ ನಿಮಗ ಇನ್ನೂ ಯಾರೂ ಹೇಳಿಲ್ಲೇನ್ರಿ?

ವೈಜನಾಥ: ಅಕ್ಕಾರ, ಕಾಗದದಾಗ ಎಂಟು ಅಂತ ಛಾಪಿಸ್ಯಾರ. ಕಂಪನಿ ಕಾಗದ ಇದು.

ಶಿವದೇವಿ: ಕಾಗದ ಮಷೀನಿನ ಕೆಳಗ ಮಲಗಿ ನೋಡಿಲ್ಲ. ನಾ ಮಲಗಿ ನೋಡೀನಿ.

ಶಿವಶರಣಪ್ಪ: ಅದಕ್ಕ ಮುಂಜಾನೆ ಸೀರಿಗೆ ಮಣ್ಣಾಗಿತ್ತೇನು? ನೀ ಜಾರಿ ಬಿದ್ದಿ ಅಂತ ನಾ ಅಂದ್ಕೊಂಡೆ.

ಶಿವದೇವಿ: ಬಿದ್ದೀನಿ ಅಂದ್ಕೊಂಡೂ ಕೇಳಲಿಲ್ಲ?

ಶಿವಶರಣಪ್ಪ: ಎದ್ದಿದ್ದಿಯಲ್ಲ, ಅದಕ್ಕ ಕೇಳಲಿಲ್ಲ.

ಮಾತು ಬೆಳೆದರೆ ಟೆಂಪೊ ಬಂದೀತೆಂದು ವೈಜನಾಥ ಮಷೀನು ಚಾಲೂ ಮಾಡಿದ. ಹಿಡಿಕೆ ಒತ್ತಿದ. ಶಿವಶರಣಪ್ಪ ಮೂರು ದಿನ ಕೊಡಲಿಯಿಂದ ಹೊಡೆದು ಸೋತು ಬಿಟ್ಟಿದ್ದ ಜಾಲಿಯ ಬೊಡ್ಡೆ ಸಣ್ಣಗೆ ನರಳಿ ಎರಡಾಗಿ ಬಿತ್ತು. ಶಿವಶರಣಪ್ಪ ಆ ಎರಡು ಹೋಳುಗಳನ್ನು ಸ್ವಲ್ಪ ಹೊತ್ತು ಹಗೆಯಿಂದ ನೋಡಿದ. ಹತ್ತು ಬೊಡ್ಡೆ ಸೀಳಿದ ಮೇಲೆ ವೈಜನಾಥ ಪೈಪಿನ ಕಡೆಗೆ ಕೈ ಚಾಚಿದ.

ಶಿವದೇವಿ: ಕೈ ತಗಿ.

ವೈಜನಾಥ: ಸೋರಾಕತ್ತೈತೋ ಇಲ್ಲೋ ಮುಟ್ಟಿ ನೋಡ್ತೀನ್ರಿ.

ಶಿವದೇವಿ: ‘ಮಷೀನು ಚಾಲೂ ಇದ್ದಾಗ ಎಣ್ಣಿ ಸೂಜಿ ಹಂಗ ಚರ್ಮದಾಗ ಹೊಕ್ಕತೈತಿ, ಪೈಪಿಗೆ ಕೈ ಹಚ್ಚಬ್ಯಾಡ್ರಿ’ ಅಂತ ನಿನ್ನೆ ಹೇಳಿದವ್ರು ಯಾರು?

ವೈಜನಾಥ: ಅದು ಗಿರಾಕಿಗೆ ಹೇಳೂದ್ರಿ.

ಶಿವದೇವಿ: ಗಿರಾಕಿ ಕೈ ಯಾವುದು, ಮೆಕ್ಯಾನಿಕ್ ಕೈ ಯಾವುದು ಅಂತ ಎಣ್ಣಿಗೆ ಗೊತ್ತಾಗ್ತೈತೇನು?

ವೈಜನಾಥ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೇರೆ ಜಾಗ ಕಾಣದೆ, ಜೇಬಿನಲ್ಲಿ ಇಟ್ಟ.

ವೈಜನಾಥ: ಮುಟ್ಟದ ಹ್ಯಾಂಗ ನೋಡೂದ್ರಿ?

ಶಿವದೇವಿ: ಬಂದ್ ಮಾಡು. ಕಣ್ಣಿಲೆ ನೋಡು. ವಿಭೂತಿ ಬೆಳ್ಳಗಿದ್ರ ಒಣಗೈತಿ. ಕರ್ರಗಾಗಿದ್ರ ತೊಯ್ದೈತಿ.

ಮಷೀನು ಬಂದಾಯಿತು. ವೈಜನಾಥ ಬಗ್ಗಿ ಒಂದೊಂದಾಗಿ ನೋಡಿದ. ಪಂಪಿನ ಎರಡೂ ಬೆಳ್ಳಗೆ. ಹಿಡಿಕೆಯ ಮೂರೂ ಬೆಳ್ಳಗೆ. ಸಿಲಿಂಡರಿನವೂ, ಟ್ಯಾಂಕಿನ ಮೇಲಿನದೂ ಮುಂಜಾನೆ ಹಚ್ಚಿದ ಹಾಗೆಯೇ ಇದ್ದವು.

ವೈಜನಾಥ: ನೋಡ್ರಿ. ಎಂಟಕ್ಕೆಂಟೂ ಪಕ್ಕಾ.

ಶಿವಶರಣಪ್ಪ: ಪೆನ್ನು ಕೊಡು.

ಶಿವದೇವಿ: ಗಾಲಿ ಹಿಂದ, ಟ್ಯಾಂಕಿನ ಕೆಳಗ. ಮಲಗಬೇಕಾಗ್ತೈತಿ. ಗೋಣಿಚೀಲ ಕೊಡಲೇನು?

ವೈಜನಾಥ ಗೋಣಿಚೀಲ ಬೇಡವೆಂದು ಹಾಗೇ ಮಲಗಿ ಒಳಗೆ ಸರಿದ. ಸ್ವಲ್ಪ ಹೊತ್ತು ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಶಿವಶರಣಪ್ಪ: ಏನೈತೋ ಒಳಗ?

ವೈಜನಾಥ (ಒಳಗಿನಿಂದ): ಒಂಬತ್ತನೇದು ಐತ್ರಿ.

ಶಿವದೇವಿ: ಬೆಳ್ಳಗೈತೋ, ಕರ್ರಗೈತೋ?

ವೈಜನಾಥ: ಒಂದು ಪಾನಾ ಸರಿಸ್ರಿ ಈ ಕಡೆ.

ಅವನು ಹೊರಗೆ ಬಂದಾಗ ಹಣೆಯ ನಡುವೆ ಎಣ್ಣೆಯ ಒಂದು ಹನಿ, ಅದರ ಸುತ್ತ ವಿಭೂತಿಯ ಕೆಸರು.

ವೈಜನಾಥ: ವಾಷರ್ರ ಹಾಕಿಲ್ರಿ ಅದಕ್ಕ. ನಟ್ಟು ಬೆರಳಿಲೆ ತಿರಗತೈತಿ. ಎಂಟು ದಿನದಾಗ ಟ್ಯಾಂಕ್ ಖಾಲಿ ಆಗಿ, ಪಂಪು ಸುಟ್ಟು ಹೋಗ್ತಿತ್ತು.

ಶಿವಶರಣಪ್ಪ: ಸಹಿ ಹಾಕಿದ್ರ?

ವೈಜನಾಥ: ಜವಾಬ್ದಾರಿ ನಿಮ್ಮದ್ರಿ.

ಶಿವಶರಣಪ್ಪ: ಮತ್ತ ನಾ ಕೊಡಲಿಗೆ ಬರ್ತಿದ್ದೆ.

ಶಿವದೇವಿ: ಅದು ತಪ್ಪಲಿ ಅಂತನ ನಾ ಕೆಳಗ ಮಲಗಿದ್ದು.

ವೈಜನಾಥ ಹೊಸ ವಾಷರ್ ಹಾಕಿ ನಟ್ಟು ಬಿಗಿದ. ಶಿವದೇವಿ ಆ ಜಾಗವನ್ನು ಅವನಿಂದ ಒರೆಸಿಸಿ, ಮತ್ತೆ ಮೂರು ಬಟ್ಟು ಎಳೆದಳು. ಇನ್ನೂ ಇಪ್ಪತ್ತು ಬೊಡ್ಡೆ ಸೀಳಿದರು. ಬಂದ್ ಮಾಡಿ ನೋಡಿದರೆ ಬೆಳ್ಳಗೇ ಇತ್ತು. ಛಾಪಿಸಿದ ಎಂಟರ ಕೆಳಗೆ ವೈಜನಾಥ ಕೈಯಿಂದ ಒಂಬತ್ತು ಎಂದು ಬರೆದು ಟಿಕ್ಕು ಹಾಕಿದ. ಆಗ ಶಿವಶರಣಪ್ಪನಿಗೆ ಪೆನ್ನು ಸಿಕ್ಕಿತು.

ಹೊರಡುವಾಗ ವೈಜನಾಥ ಚೀಲ ಹೆಗಲಿಗೇರಿಸಿ ನಿಂತ.

ವೈಜನಾಥ: ಅಕ್ಕಾರ, ಸೋರಿಕಿ ಹಿಡ್ಯಾಕ ನಮ್ಮ ಕಂಪನ್ಯಾಗ ಇಂಥಾದ ಬಿಳಿ ಪುಡಿ ಡಬ್ಬಿ ಐತಿ. ಫಾರಿನ್ ಮಾಲು. ನಾಳೆ ನಿಮಗ ಒಂದು ಫುಕಟ್ ತಂದುಕೊಡ್ತೀನಿ. ದಿನಾ ವಿಭೂತಿ ಹಚ್ಚೂ ತ್ರಾಸ ತಪ್ತೈತಿ.

ಶಿವಶರಣಪ್ಪ: ಹಂಗಾದ್ರ ನನ್ನ ಹಣಿಗೆ ಹಚ್ಚೂದೂ ಅದಕ್ಕನ ಏನು? ನಾ ಎಲ್ಲಿ ಸೋರಾಕತ್ತೀನಿ ಅಂತ ನೋಡಾಕ?

ಶಿವದೇವಿ: ಎರಡು ತಿಂಗಳಿಂದ ದಿನಾ ಹತ್ತು ಗಂಟೇಕ ಬೆವರಿಗೆ ಅಳಿಸಿ ಹೋಗ್ತಿತ್ತು. ಈಗ ಹನ್ನೊಂದಾತು. ಇವತ್ತು ಇನ್ನೂ ಐತಿ.

ಶಿವಶರಣಪ್ಪ ಹಣೆ ಮುಟ್ಟಿಕೊಳ್ಳಲು ಹೋಗಿ, ಅಳಿಸೀತೆಂದು ಕೈ ಇಳಿಸಿದ.

ವೈಜನಾಥ: ಡಬ್ಬಿ ತರಲೇನ್ರಿ ಅಕ್ಕಾರ?

ಶಿವದೇವಿ (ಗಂಡನ ಹಣೆ ನೋಡುತ್ತ): ಬ್ಯಾಡ ತಮ್ಮಾ. ಅದು ಮಷೀನಿನ ಒಂಬತ್ತು ಗಂಟಿಗೆ ನಡದೀತು. ಹತ್ತನೇದಕ್ಕ ನಡೆಯಂಗಿಲ್ಲ.