ಇಪ್ಪತ್ತನಾಲ್ಕು ಕಿಲೋ

"ಸಾರ್, ನಿಮ್ಮ ತೂಕ ಎಷ್ಟು?" ಎಂದು ಮೆಕ್ಯಾನಿಕ್ಕು ಕೇಳಿದ. ಅವನು ಕೇಳಿದ್ದು ಸೈಕಲ್ಲಿಗೆ ಗಾಳಿ ತುಂಬುವುದಕ್ಕೆ. ಆದರೆ ಎದುರಿಗಿದ್ದ ತಕ್ಕಡಿಯಣ್ಣನ ಗಾಳಿಯೇ ಹೊರಟುಹೋಯಿತು.

ತಕ್ಕಡಿಯಣ್ಣ ಪಾರ್ಸೆಲ್ ಆಫೀಸಿನ ತೂಕದ ಗುಮಾಸ್ತ. ಹನ್ನೊಂದು ವರ್ಷದಿಂದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತು, ಊರಿನ ಗಂಟುಮೂಟೆಗಳನ್ನೆಲ್ಲ ತೂಗಿದ್ದ. ಒಂದು ಗ್ರಾಂ ಹೆಚ್ಚು ಹೇಳಿದವನಲ್ಲ, ಕಡಿಮೆ ಹೇಳಿದವನಲ್ಲ. ನಿದ್ದೆಯಲ್ಲೂ "ಮೂರು ಕಿಲೋ ಇನ್ನೂರು" ಎಂದು ಕನವರಿಸುತ್ತಾನೆಂದು ಹೆಂಡತಿಯ ದೂರು. ಈಚೆಗೆ ಆ ಕೋಣೆಯ ಗೋಡೆಗಳು ದಿನಕ್ಕೊಂದು ಬೆರಳು ಹತ್ತಿರ ಬರುತ್ತಿವೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಕೂತಲ್ಲಿ ಕಾಲು ಕುಣಿಯುತ್ತಿತ್ತು. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಎಂದು ಬಂದವರ ಚಪ್ಪಲಿ ನೋಡಿ ತಿಳಿಯಬೇಕಾಗಿತ್ತು.

ಹಾಗಿರುವಾಗ ನೋಟೀಸ್ ಬೋರ್ಡಿನ ಮೇಲೆ ಒಂದು ಕಾಗದ ಬಿತ್ತು. ಗುಡ್ಡದ ಮೇಲಿನ ಮನೆಗಳಿಗೆ ಪಾರ್ಸೆಲ್ ಮುಟ್ಟಿಸಲು ಒಬ್ಬ ಸವಾರ ಬೇಕು. ರಸ್ತೆಯಿಲ್ಲ, ಕಾಲುದಾರಿ ಮಾತ್ರ. ಸೈಕಲ್ಲು ಆಫೀಸಿನದು. ಹೊರಟ ಮೂರು ಗಂಟೆಯೊಳಗೆ ತುದಿಗೆ ಹೋಗಿ, ಅಲ್ಲಿಯ ಗಾಳಿ ಅಳೆಯುವ ಕೇಂದ್ರಕ್ಕೆ ಒಂದು ಪಾರ್ಸೆಲ್ ಕೊಟ್ಟು, ಸಹಿ ಹಾಕಿಸಿಕೊಂಡು ಬಂದವನಿಗೆ ಕೆಲಸ. ಬಟವಾಡೆಯ ಇಬ್ಬರು ಸಣಕಲು ಹುಡುಗರು ಆಗಲೇ ಹೋಗಿ ಸೋತು ಬಂದಿದ್ದರು. ಒಬ್ಬನ ತಲೆಯ ತುಂಬ ಮುಳ್ಳು, ಇನ್ನೊಬ್ಬನ ಹೆಗಲ ಮೇಲೆ ಸೈಕಲ್ಲು. ಏನಾಯಿತೆಂದು ಕೇಳಿದರೆ ಇಬ್ಬರೂ "ಚೈನು ಜಾರಿತು" ಎಂದು ಹೇಳಿ ಆಕಾಶ ನೋಡಿದ್ದರು.

ಉಳಿದವನು ತಕ್ಕಡಿಯಣ್ಣನೊಬ್ಬನೇ. ಇಂದು ವಾರದ ರಜೆ. ಆದರೂ ತಮಾಷೆ ನೋಡಲು ಆಫೀಸಿಗೆ ಆಫೀಸೇ ಅಂಗಳದಲ್ಲಿ ನಿಂತಿತ್ತು. "ಇವತ್ತು ಆ ಕೋಣೆಯಿಂದ ಬಿಡಿಸ್ಕೊಂಡೇ ಬನ್ನಿ. ರಾತ್ರಿ ನಾನೂ ಸ್ವಲ್ಪ ನಿದ್ದೆ ಮಾಡ್ತೀನಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು.

"ತೂಕ ಹೇಳಿ ಸಾರ್," ಎಂದ ಮೆಕ್ಯಾನಿಕ್ಕು ಮತ್ತೊಮ್ಮೆ. ಅವನು ಸೈಕಲ್ ಅಂಗಡಿಯಿಂದ ಬಂದವನು. ಬಾಗಿಲಷ್ಟು ಅಗಲದ ಆಳು. "ಇದು ಕ್ರಾಸ್ ಕಂಟ್ರಿ ಸೈಕಲ್ಲು. ಬರೀ ಇಳಿಯೋಕೆ ಬೇರೆ ಜಾತಿ ಇದೆ, ಅದು ಎಮ್ಮೆ. ಇದು ಜಿಂಕೆ. ಹತ್ತಬೇಕು, ಇಳೀಬೇಕು, ಬಯಲು ಸಿಕ್ಕಿದ್ರೆ ಓಡಬೇಕು. ಮುಂದಿನ ಚಕ್ರ ಹಿಡಿಯೋ ಫೋರ್ಕಲ್ಲಿ, ಹಿಂದಿನ ಶಾಕ್ ಅಬ್ಸಾರ್ಬರಲ್ಲಿ ಸ್ಪ್ರಿಂಗ್ ಇಲ್ಲ, ಗಾಳಿ. ಸವಾರನ ತೂಕ ನೋಡ್ಕೊಂಡು ತುಂಬಬೇಕು."

ತಕ್ಕಡಿಯಣ್ಣನ ತೂಕ ತೊಂಬತ್ತೆರಡು. ಪ್ಯಾಂಟುಗಳ ಸೊಂಟ ಬಿಚ್ಚಿ ಬಿಚ್ಚಿ ಹೊಲಿದು, ಇನ್ನು ಬಿಚ್ಚಲು ಹೆಂಡತಿಗೆ ಬಟ್ಟೆಯೇ ಉಳಿದಿರಲಿಲ್ಲ. ಆದರೆ ಪಕ್ಕದಲ್ಲೇ ಮುದ್ರೆ ಗುಮಾಸ್ತ ನಿಂತಿದ್ದ. ಪಾರ್ಸೆಲ್ಲುಗಳಿಗೆ ಅರಗು, ಸೀಸದ ಮುದ್ರೆ ಹಾಕುವ ಈ ಕಡ್ಡಿ ಮನುಷ್ಯ ಆಗಲೇ ಹಲ್ಲು ಕಿರಿಯತೊಡಗಿದ್ದ. "ಹೇಳಣ್ಣಾ, ಹೇಳು. ನಮ್ಮ ಯಂತ್ರದಲ್ಲಿ ನೂರೈವತ್ತರ ತನಕ ತೂಗಬಹುದು."

ಎಲ್ಲರೂ ನಕ್ಕರು. ಮೇಲಧಿಕಾರಿ ಮೇಡಮ್ಮಿನ ತುಟಿಯ ಒಂದು ತುದಿಯೂ ಅಲುಗಿದಂತಾಯಿತು.

"ಅರವತ್ತೆಂಟು," ಎಂದ ತಕ್ಕಡಿಯಣ್ಣ.

ಅದು ಪೂರ್ತಿ ಸುಳ್ಳೇನಲ್ಲ. ಕೆಲಸಕ್ಕೆ ಸೇರಿದ ದಿನ ಅವನು ಅಷ್ಟೇ ಇದ್ದ. ಸೇವಾ ಪುಸ್ತಕದಲ್ಲಿ ಈಗಲೂ ಅಷ್ಟೇ ಇದೆ. ಈ ಕೆಲಸದ ಅರ್ಜಿಯಲ್ಲೂ ಅದನ್ನೇ ನೋಡಿ ಬರೆದಿದ್ದ.

ಮೆಕ್ಯಾನಿಕ್ಕು ಚಿಕ್ಕ ಪಂಪಿನಿಂದ ಅರವತ್ತೆಂಟು ಕಿಲೋಗೆ ಬೇಕಾದಷ್ಟೇ ಗಾಳಿ ಹಾಕಿದ. ಟಯರಿಗೂ ಅದೇ ಲೆಕ್ಕ. ತಕ್ಕಡಿಯಣ್ಣ ಹತ್ತಿ ಕೂತ. ಸೈಕಲ್ಲು ಮುಂದೂ ಹಿಂದೂ ಒಟ್ಟಿಗೆ ಕುಸಿದು, ಹೊರೆ ಹೇರಿಸಿಕೊಳ್ಳಲು ಮಂಡಿಯೂರಿದ ಒಂಟೆಯಂತೆ ಕೂತುಬಿಟ್ಟಿತು.

ಮೆಕ್ಯಾನಿಕ್ಕು ಬಗ್ಗಿ ನೋಡಿದ, ಕಿವಿಯಿಟ್ಟು ಕೇಳಿದ. "ಗಾಳಿ ಸೋರ್ತಿಲ್ಲ. ಸಾರ್, ತೂಕ ಇನ್ನೊಂದ್ಸಲ ಹೇಳಿ?"

"ಹೇಳೋದೇನು ಬಂತು?" ಎಂದರು ಮೇಡಂ. "ಒಳಗೆ ಯಂತ್ರ ಇದೆಯಲ್ಲ. ಎಲ್ಲರೂ ಟೀ ಕುಡೀರಿ, ಆಮೇಲೆ ತೂಗೋಣ."

ಟೀ ಕುಡಿಯಲು ಹತ್ತು ನಿಮಿಷ. ತಕ್ಕಡಿಯಣ್ಣ "ಯಂತ್ರ ಒರೆಸಿಟ್ಟು ಬರ್ತೀನಿ" ಎಂದು ಒಳಗೆ ಓಡಿದ.

ಅದು ಹಳೆಯ ಕಾಲದ ಯಂತ್ರ. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಉದ್ದನೆಯ ಸರಳು, ಸರಳಿನ ತುದಿಗೆ ನೇತಾಡುವ ಪುಟ್ಟ ತಟ್ಟೆ. ಹಲಗೆಯ ಮೇಲಿನ ಒಂದು ಕಿಲೋವನ್ನು ತಟ್ಟೆಯ ಮೇಲಿನ ಹತ್ತು ಗ್ರಾಂ ಎತ್ತಿ ಹಿಡಿಯುತ್ತದೆ. ಈ ಗುಟ್ಟನ್ನು ಅವನಷ್ಟು ಬಲ್ಲವರಿಲ್ಲ. ತೊಂಬತ್ತೆರಡರಲ್ಲಿ ಅರವತ್ತೆಂಟು ಕಳೆದರೆ ಇಪ್ಪತ್ತನಾಲ್ಕು. ಮುದ್ರೆ ಗುಮಾಸ್ತನ ಡಬ್ಬಿಯಲ್ಲಿದ್ದ ಸೀಸದ ಮುದ್ರೆಗಳು ಒಂದೊಂದೂ ಹತ್ತು ಗ್ರಾಂ. ಇಪ್ಪತ್ತನಾಲ್ಕನ್ನು ಎಣಿಸಿ, ಅರಗು ಕರಗಿಸಿ, ತಟ್ಟೆಯ ಅಡಿಗೆ ಅಂಟಿಸಿದ. ಸುಳ್ಳು ಹೇಳಿ ರೂಢಿಯಿಲ್ಲದವನ ಸುಳ್ಳು ಕೂಡ ಗ್ರಾಂ ಲೆಕ್ಕದಲ್ಲೇ ಇತ್ತು.

ಎಲ್ಲರ ಮುಂದೆ ಹಲಗೆ ಹತ್ತಿದ. ಮೇಡಂ ತಾವೇ ತೂಕದ ಕಲ್ಲಿಟ್ಟರು. ಸರಳು ಅತ್ತ ಇತ್ತ ಆಡಿ, ಅರವತ್ತೆಂಟಕ್ಕೆ ನೆಟ್ಟಗೆ ನಿಂತಿತು.

"ಅಬ್ಬಾ! ನೋಡೋಕೆ ಇಷ್ಟು, ಒಳಗೆ ಬರೀ ಹತ್ತಿ!" ಎಂದ ಮುದ್ರೆ ಗುಮಾಸ್ತ.

"ಹಾಗಾದ್ರೆ ಸೈಕಲ್ಲೇ ಸರಿಯಿಲ್ಲ," ಎಂದು ಮೆಕ್ಯಾನಿಕ್ಕು ತಲೆ ಕೆರೆದುಕೊಂಡ. "ಬಿಚ್ಚಿ ನೋಡ್ಬೇಕು, ಒಂದು ವಾರ ಬೇಕು."

"ವಾರ ಬೇಡ! ಹೀಗೇ ಹೋಗ್ತೀನಿ!" ಎಂದು ತಕ್ಕಡಿಯಣ್ಣ ಕೂಗಿದ. ಜನ ಹೊರಗೆ ಹೋದ ಮೇಲೆ ಸೀಸ ಕಿತ್ತುಬಿಡಬೇಕೆಂದು ಅವನ ಆಲೋಚನೆ. ಆದರೆ ಮೇಡಂ ಪಾರ್ಸೆಲ್ಲನ್ನು ಅವನ ಬೆನ್ನಿಗೆ ಕಟ್ಟಿಸಿ, ಗಡಿಯಾರ ನೋಡಿ "ಹೊರಡಿ" ಎಂದೇಬಿಟ್ಟರು. ಹಿಂದಿನಿಂದ ಮುದ್ರೆ ಗುಮಾಸ್ತನ ದನಿ ಕೇಳಿತು. "ಮೇಡಂ, ನನ್ನ ಡಬ್ಬಿಯಲ್ಲಿ ಸೀಸ ಕಮ್ಮಿ ಆಗಿದೆ! ಯಾರೋ ಕದ್ದಿದ್ದಾರೆ!"

ಅಜ್ಜಿಕತೆಯ ರಾಕ್ಷಸನ ಪ್ರಾಣ ದೂರದ ಗಿಳಿಯೊಂದರ ಕೊರಳಲ್ಲಿರುತ್ತದಲ್ಲ, ಹಾಗೆ ತಕ್ಕಡಿಯಣ್ಣನ ಪ್ರಾಣ ಆ ತಟ್ಟೆಯ ಅಡಿಯಲ್ಲಿ ಉಳಿಯಿತು. ದೇಹ ಮಾತ್ರ ಗುಡ್ಡ ಹತ್ತಿತು.

ಹತ್ತಿದ್ದಾದರೂ ಹೇಗೆ! ಒಂದೊಂದು ತುಳಿತಕ್ಕೂ ಸೈಕಲ್ಲು ನಮಸ್ಕಾರ ಮಾಡುತ್ತಿತ್ತು. ಕುಸಿದು ಕೂತಿದ್ದರಿಂದ ಪೆಡಲ್ಲುಗಳು ದಾರಿಯ ಕಲ್ಲುಗಳನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದವು. ಹಿಂದಿನ ಗಿಯರಿನ ದೊಡ್ಡ ಹಲ್ಲುಚಕ್ರ ಊಟದ ತಟ್ಟೆಯಷ್ಟಿತ್ತು. ಅದಕ್ಕೆ ಹಾಕಿದರೆ ಕಾಲು ಗಿರಗಿರ ತಿರುಗಿ ಮರಗಳು ಮಾತ್ರ ನಿಂತಲ್ಲೇ ನಿಂತಿರುತ್ತಿದ್ದವು. ಹಸು ಮೇಯಿಸುತ್ತಿದ್ದ ಹೆಂಗಸೊಬ್ಬಳು ಪಕ್ಕದಲ್ಲೇ ನಡೆದು ಬಂದು, "ಏನಣ್ಣಾ, ಕೆಟ್ಟುಹೋಗಿದ್ಯಾ?" ಎಂದು ವಿಚಾರಿಸಿಕೊಂಡು, ಅವನನ್ನು ದಾಟಿ ಮುಂದೆ ಹೋದಳು.

ಬಂಡೆಯೊಂದರ ಅಂಚಿಗೆ ಮೆತ್ತಗಿನ ಟಯರು ಬಡಿಯಿತು. ಒಳಗಿನ ಬಿಳಿ ದ್ರವ ಪಿಚಕ್ಕನೆ ಮುಖಕ್ಕೆ ಹಾರಿತು. ಟ್ಯೂಬಿಲ್ಲದ ಟಯರಿನ ತೂತನ್ನು ತಾನಾಗಿ ಮುಚ್ಚುವ ಮದ್ದು ಅದು. ತೂತೂ ಮುಚ್ಚಿತು, ತಕ್ಕಡಿಯಣ್ಣನ ಒಂದು ಕಣ್ಣೂ ಮುಚ್ಚಿತು. ಉಳಿದ ಒಂದೇ ಕಣ್ಣಿನಲ್ಲಿ ದಾರಿ ನೋಡುತ್ತ, ಮನಸ್ಸಿನಲ್ಲಿ ತಟ್ಟೆ ನೋಡುತ್ತ ತುಳಿದ. ಯಾರಾದರೂ ಯಂತ್ರ ಒರೆಸಲು ಹೋದರೆ? ಅರಗು ಬಿಟ್ಟು ಒಂದು ಮುದ್ರೆ ಟಣ್ಣೆಂದು ಬಿದ್ದರೆ?

ತುದಿಗೆ ಸ್ವಲ್ಪ ಮುಂಚೆ ಎರಡು ಬಂಡೆಗಳ ನಡುವೆ ಒಂದು ಸಂದು. ಅಲ್ಲಿ ಏನೋ ಒಂದಿಷ್ಟು ಗಾಳಿಯಿತ್ತು. ಅಂಗಿ ಪಟಪಟ ಹೊಡೆದುಕೊಂಡಿತು, ಕಣ್ಣಿಗೆ ಅಂಟಿದ್ದ ಮದ್ದು ಒಣಗಿ ಉದುರಿತು. ತಕ್ಕಡಿಯಣ್ಣ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಕುಸಿದ ಸೈಕಲ್ಲಿನ ಮೇಲೆ ಬಂಡೆಯ ಹಾಗೆ ಕೂತು ಸಂದು ದಾಟಿದ.

ಗಾಳಿ ಅಳೆಯುವ ಕೇಂದ್ರದ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಅವಳ ತಲೆಯ ಮೇಲೆ ಮೂರು ಬಟ್ಟಲಿನ ಯಂತ್ರ ಗಿರ್ರೆಂದು ತಿರುಗುತ್ತಿತ್ತು.

"ಆ ಸಂದಲ್ಲಿ ಸೈಕಲ್ ಮೇಲೆ ಕೂತೇ ಬಂದ್ಯಾ ಮಗಾ?"

"ಹೌದಜ್ಜಿ. ಯಾಕೆ?"

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಹಿ ಹಾಕಿ ಒಂದು ಲಕೋಟೆ ಕೊಟ್ಟಳು. "ಇದನ್ನ ನಿಮ್ಮ ಮೇಡಮ್ಮಿಗೆ ಕೊಡು. ನಿನ್ನೆಯೇ ಬರೆದಿಟ್ಟಿದ್ದೆ, ಕಳಿಸೋಕೆ ಆಳಿರಲಿಲ್ಲ. ಇನ್ನು ಚಿಂತೆ ಇಲ್ಲ ಬಿಡು."

ಅವನು ತಿರುಗಿ ನಿಂತಾಗ ಕೆಳಗೆ ಇಡೀ ಊರು ಕಾಣಿಸಿತು. ಹನ್ನೊಂದು ವರ್ಷ ತೂಗಿದ ಊರು ಅಂಗೈಯಗಲ ಇತ್ತು. ಮೇಲೆ ಆಕಾಶ ಇತ್ತು. ಅಷ್ಟು ಆಕಾಶ ಇದೆಯೆಂದು ಅವನಿಗೆ ಮರೆತೇಹೋಗಿತ್ತು. ಒಂದು ಕ್ಷಣ ಕಾಲು ಕುಣಿಯುವುದು ನಿಂತಿತು. ಈ ಕೆಲಸ ನನ್ನದಾಗಲೇಬೇಕು ಎಂದುಕೊಂಡ. ಮರುಕ್ಷಣ ತಟ್ಟೆ ನೆನಪಾಗಿ ಕಾಲು ಮತ್ತೆ ಕುಣಿಯತೊಡಗಿತು.

ಇಳಿಯುವಾಗ ತೊಂಬತ್ತೆರಡು ಕಿಲೋ ತಾವೇ ಓಡಿದವು. ಬ್ರೇಕು ಕಿರುಚಿತು, ತಕ್ಕಡಿಯಣ್ಣನೂ ಕಿರುಚಿದ. ಹತ್ತುವಾಗ ದಾಟಿಹೋಗಿದ್ದ ಹೆಂಗಸು ಹಸುವಿನ ಹಿಂದೆ ಅಡಗಿಕೊಂಡಳು. ಅಂಗಳಕ್ಕೆ ಬಂದು ಬಿದ್ದಾಗ ಮೂರು ಗಂಟೆ ತುಂಬಲು ಇನ್ನೂ ಹತ್ತು ನಿಮಿಷ ಬಾಕಿ.

"ಭೇಷ್!" ಎಂದರು ಮೇಡಂ. ಚಪ್ಪಾಳೆ ಬಿತ್ತು. ಮುದ್ರೆ ಗುಮಾಸ್ತನೂ ಹುಡುಕಾಟ ನಿಲ್ಲಿಸಿ ಎರಡು ಸಲ ತಟ್ಟಿದ. ಮೇಡಂ ಸಹಿ ನೋಡಿದರು, ತೃಪ್ತಿಯಿಂದ ಲಕೋಟೆ ಒಡೆದರು. ಓದುತ್ತ ಓದುತ್ತ ಅವರ ಮುಖ ಸಣ್ಣಗಾಯಿತು.

"ಅಯ್ಯೋ, ತಕ್ಕಡಿಯವರೇ..."

ಗಟ್ಟಿಯಾಗಿ ಓದಿದರು: "ನೀವು ಕಳಿಸಿದ ಇಬ್ಬರೂ ಹಗುರದವರು. ಸಂದಿನ ಗಾಳಿ ಒಬ್ಬನನ್ನು ಮುಳ್ಳಿನ ಪೊದೆಗೆ ಎಸೆಯಿತು, ಇನ್ನೊಬ್ಬನನ್ನು ಬಂದ ದಾರಿಗೇ ಉರುಳಿಸಿತು. ಮಳೆಗಾಲದಲ್ಲಿ ಗಾಳಿ ಇದರ ಎರಡರಷ್ಟು. ಎಂಬತ್ತೈದು ಕಿಲೋಗಿಂತ ಕಡಿಮೆಯವರನ್ನು ದಯವಿಟ್ಟು ಕಳಿಸಬೇಡಿ. ಹೆಣ ಎತ್ತಲು ನನಗೆ ವಯಸ್ಸಾಗಿದೆ."



"ಇನ್ನೊಂದು ಹದಿನೇಳು ಕಿಲೋ ಇದ್ದಿದ್ರೆ!" ಎಂದು ಮೇಡಂ ನಿಜವಾಗಿಯೂ ನೊಂದುಕೊಂಡರು.

"ಇದೆ ಮೇಡಂ! ನಾನು ತೊಂಬತ್ತೆರಡು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ಕೆಲಸಕ್ಕೋಸ್ಕರ ಮೂರು ಗಂಟೆಯಲ್ಲಿ ಇಪ್ಪತ್ತನಾಲ್ಕು ಕಿಲೋ ಏರಿದೆ ನೋಡಿ!" ಎಂದ ಮುದ್ರೆ ಗುಮಾಸ್ತ.

ಮೇಡಂ ಅವನನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋಗಿ ಹಲಗೆ ಹತ್ತಿಸಿದರು. ಸರಳು ಆಡಿತು, ನಿಂತಿತು. ಅರವತ್ತೇಳು.

"ನೋಡಿ, ಬೆವರಿ ಇನ್ನೂ ಒಂದು ಕಿಲೋ ಇಳಿದಿದ್ದೀರಿ. ಹನ್ನೊಂದು ವರ್ಷದಲ್ಲಿ ಈ ಯಂತ್ರ ಒಂದು ಗ್ರಾಂ ಸುಳ್ಳು ಹೇಳಿದೆಯೇನು?"

ತಕ್ಕಡಿಯಣ್ಣನ ಕೈ ತಟ್ಟೆಯ ಅಡಿಗೆ ಹೋಯಿತು. ಒಂದು ಎಳೆತ ಸಾಕು, ಆಕಾಶ ಅವನದು. ಅಷ್ಟರಲ್ಲಿ ಬಾಗಿಲಿನಿಂದ ಮುದ್ರೆ ಗುಮಾಸ್ತ ಕೇಳಿದ, "ಮೇಡಂ, ಆ ಸೀಸ ಕದ್ದವನು ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಮನೆಗೆ ಕಳಿಸ್ತೀನಿ. ಮತ್ತೆ ಈ ಮೆಟ್ಟಿಲು ಹತ್ತೋ ಹಾಗಿಲ್ಲ."

ಕೈ ಹಿಂದೆ ಬಂದು ಜೇಬು ಸೇರಿತು.

"ನಾನು ಎಂಬತ್ತೊಂಬತ್ತಿದ್ದೀನಿ ಮೇಡಂ," ಎಂದ ಮೆಕ್ಯಾನಿಕ್ಕು, ಬಾಗಿಲು ತುಂಬ ನಿಂತು. "ಸೈಕಲ್ಲೂ ಗೊತ್ತು. ಅಂಗಡಿಯಲ್ಲಿ ಕೂತು ಕೂತು ಬೇಜಾರಾಗಿದೆ. ನಾನು ಹೋಗ್ಲಾ? ಬೇಕಾದ್ರೆ ತೂಗಿ ನೋಡಿ." ಹೇಳುತ್ತಲೇ ಒಂದು ಕಾಲನ್ನು ಹಲಗೆಯ ಕಡೆ ಎತ್ತಿದ.

ತಕ್ಕಡಿಯಣ್ಣನಿಗೆ ಲೆಕ್ಕ ಮಿಂಚಿನಂತೆ ಹೊಳೆಯಿತು. ಎಂಬತ್ತೊಂಬತ್ತರಲ್ಲಿ ಇಪ್ಪತ್ತನಾಲ್ಕು ಹೋದರೆ ಅರವತ್ತೈದು. ಬಾಗಿಲಿನಂಥ ಈ ಆಳು ಅರವತ್ತೈದು ತೂಗಿದರೆ ಯಂತ್ರವನ್ನು ಯಾರೂ ನಂಬುವುದಿಲ್ಲ, ಬಗ್ಗಿ ನೋಡುತ್ತಾರೆ. ಅವನು ಎರಡೂ ಕೈ ಚಾಚಿ ಅಡ್ಡ ನಿಂತ.

"ಬೇಡ! ತೂಗೋದು ಬೇಡ! ನಾನು ಕಣ್ಣಲ್ಲೇ ಹೇಳ್ತೀನಿ. ಎಂಬತ್ತೊಂಬತ್ತು! ಒಂದು ಗ್ರಾಂ ಕಮ್ಮಿ ಇಲ್ಲ!"

ತನ್ನ ಕೆಲಸವನ್ನು ತಾನೇ ಎತ್ತಿ ಇನ್ನೊಬ್ಬನ ಕೈಗೆ ಕೊಟ್ಟ ಅವನನ್ನು ಮೇಡಂ ಅಕ್ಕರೆಯಿಂದ ನೋಡಿದರು. "ಎಂಥ ದೊಡ್ಡ ಮನಸ್ಸು! ಸರಿ, ನಾಳೆಯಿಂದ ಗುಡ್ಡ ಇವರದು. ಮೊದಲ ಪಾರ್ಸೆಲ್ಲು ಇಲ್ಲೇ ಇದೆ. ಕಳಿಸಿದವರು ಹನ್ನೆರಡು ಕಿಲೋ ಅಂತ ಬರೆದಿದ್ದಾರೆ. ಒಂದ್ಸಲ ತೂಗಿಬಿಡಿ."

ಹಲಗೆಯ ಮೇಲೆ ಪಾರ್ಸೆಲ್ಲು ಬಿತ್ತು. ತಟ್ಟೆಗೆ ಹನ್ನೆರಡರ ಕಲ್ಲು ಬಿತ್ತು. ತಟ್ಟೆ ಕೆಳಗೆ ಕೂತೇ ಇತ್ತು, ಸರಳು ಮೇಲೇಳಲಿಲ್ಲ. ಮೇಡಂ ಬಗ್ಗತೊಡಗಿದರು.

ತಕ್ಕಡಿಯಣ್ಣ ಕೌಂಟರಿನ ಮರೆಯಲ್ಲಿ ಮೆಲ್ಲಗೆ ಬಲಗಾಲನ್ನು ಹಲಗೆಯ ಅಂಚಿಗಿಟ್ಟ. ಒತ್ತಿದ. ಹತ್ತು ಕಿಲೋ. ಹದಿನೈದು. ಇಪ್ಪತ್ತು. ಗುಡ್ಡ ತುಳಿದ ತೊಡೆ ಥರಥರ ನಡುಗಿತು. ಕಣ್ಣು ಮುಚ್ಚಿ ಇನ್ನೊಂದು ನಾಲ್ಕು ಸೇರಿಸಿದ. ಬೆಳಗಿನಿಂದ ಲೋಕದ ಕಣ್ಣು ತಪ್ಪಿಸಿ ಬಚ್ಚಿಟ್ಟಿದ್ದ ಇಪ್ಪತ್ತನಾಲ್ಕು ಕಿಲೋವನ್ನು ಒಂದೇ ಕಾಲಿನಿಂದ ಹಾಗೆಯೇ ವಾಪಸು ಕೊಟ್ಟ.

ಸರಳು ಎದ್ದಿತು, ತೂಗಿತು, ಗೆರೆ ಎಳೆದ ಹಾಗೆ ನಿಂತಿತು. ಹನ್ನೆರಡು ಕಿಲೋ. ಗ್ರಾಂ ತಪ್ಪಲಿಲ್ಲ.

"ನೋಡಿದಿರಾ?" ಎಂದು ಮೇಡಂ ಎಲ್ಲರ ಕಡೆ ತಿರುಗಿದರು. "ನಾನೇ ತಪ್ಪು ಮಾಡ್ತಿದ್ದೆ. ಇಂಥವರನ್ನ ಗುಡ್ಡಕ್ಕೆ ಕಳಿಸಿ ಈ ಯಂತ್ರಕ್ಕೆ ಯಾರನ್ನ ಕೂರಿಸಲಿ? ತಕ್ಕಡಿಯವರೇ, ರಿಟೈರ್ ಆಗೋ ತನಕ ಈ ಕೋಣೆ ನಿಮ್ಮದೇ. ಯಾರೂ ಅಲುಗಾಡಿಸದ ಹಾಗೆ ಬರೆದುಕೊಡ್ತೀನಿ."

ಮತ್ತೆ ಚಪ್ಪಾಳೆ ಬಿತ್ತು. ತಕ್ಕಡಿಯಣ್ಣ ಕಾಲು ತೆಗೆಯುವಂತಿರಲಿಲ್ಲ. ನಗುತ್ತ, ಒತ್ತಿಕೊಂಡೇ ನಿಂತಿದ್ದ.