ಅತ್ತೆಯ ಆಪರೇಷನ್ನೂ ನನ್ನ ಇಚ್ಛಾಸ್ವಾತಂತ್ರ್ಯವೂ

ಮನಶ್ಶಾಸ್ತ್ರ ಪಾಠ ಮಾಡುವವನಿಗೆ ತನ್ನ ಮನಸ್ಸಾದರೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಆ ನಂಬಿಕೆಯಿಂದಲೇ ನನ್ನ ಸಂಸಾರ ನಡೆಯುತ್ತಿರುವುದರಿಂದ ನಾನು ಅದನ್ನು ಅಲ್ಲಗಳೆಯಲು ಹೋಗಿಲ್ಲ. ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ: ತೀರ್ಮಾನ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಚಳಿಜ್ವರ. ಹೋಟೆಲಿನಲ್ಲಿ ಸಪ್ಲೈಯರ್ ಬಂದು ನಿಂತರೆ, ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ಕೊಡಿ ಎನ್ನುತ್ತೇನೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕಾಫಿ ಕುಡಿದು ಎದ್ದು ಬರುತ್ತೇನೆ. ಮದುವೆಯೂ ಹಾಗೆಯೇ ಆಯಿತು. ಹೆಣ್ಣು ನೋಡಿ ಬಂದು, "ಯೋಚನೆ ಮಾಡಿ ಹೇಳ್ತೀನಿ" ಎಂದವನು ಮೂರು ವಾರ ಯೋಚಿಸುತ್ತಲೇ ಇದ್ದೆ. ಕೊನೆಗೆ ಹುಡುಗಿಯ ತಾಯಿಯೇ ಫೋನು ಮಾಡಿ, "ನಮ್ಗೆ ಒಪ್ಗೆ ಅದೆ. ನಿಮ್ದೇನಾದ್ರೂ ತಕರಾರಿದ್ರೆ ಈಗ್ಲೇ ಹೇಳ್ಬುಡಿ" ಎಂದರು. ತಕರಾರು ಹುಡುಕುವುದಕ್ಕೂ ಒಂದು ತೀರ್ಮಾನ ಬೇಕಲ್ಲ, ನನ್ನಲ್ಲಿ ಇರಲಿಲ್ಲ. ಮದುವೆಯಾಯಿತು.

ಇಂಥವನಿಗೆ, ಮನುಷ್ಯನ ಇಚ್ಛಾಸ್ವಾತಂತ್ರ್ಯವೇ ಒಂದು ಭ್ರಮೆ ಎನ್ನುವ ವಾದ ಸಿಕ್ಕಿದಾಗ ಎಷ್ಟು ಹಾಯೆನಿಸಿರಬೇಕು, ನೀವೇ ಊಹಿಸಿ. ತುಮಕೂರಿನ ಕಾಲೇಜಿನಲ್ಲಿ ನಾನು ಅತ್ಯಂತ ಹುರುಪಿನಿಂದ ಮಾಡುತ್ತಿದ್ದ ಪಾಠ ಅದು. ಬೆರಳು ಎತ್ತಬೇಕು ಎಂದು ನಿಮಗೆ ಅನ್ನಿಸುವ ಮೊದಲೇ ಮಿದುಳು ಅದರ ತಯಾರಿ ಶುರುಮಾಡಿರುತ್ತದೆ. "ನಾನೇ ಎತ್ತಿದೆ" ಎನ್ನುವುದು ಆಮೇಲೆ ಬರುವ ಮಾತು. ಹಾಗಾದರೆ ಪ್ರಜ್ಞೆಗೆ ಏನು ಕೆಲಸ ಎಂದು ಮಕ್ಕಳು ಕೇಳಿದರೆ, ಯಾರೋ ಕಟ್ಟಿ ಮುಗಿಸಿದ ಸೇತುವೆಗೆ ಟೇಪು ಕತ್ತರಿಸಿ ಭಾಷಣ ಮಾಡುವ ಮಂತ್ರಿಯ ಕೆಲಸ ಎನ್ನುತ್ತಿದ್ದೆ. ತರಗತಿ ನಗುತ್ತಿತ್ತು. ಇದನ್ನು ಒಪ್ಪದವರೂ ಇದ್ದಾರೆ. ಮಿದುಳು ಏನೇ ತಯಾರಿ ಮಾಡಲಿ, ಬೇಡ ಎನ್ನುವ ಅಧಿಕಾರವಾದರೂ ಪ್ರಜ್ಞೆಗೆ ಇದೆ ಎಂದು ವಾದಿಸುವವರಿದ್ದಾರೆ. ಅವರ ವಾದವನ್ನು ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಮೊದಲು ಹೇಳಿ ಮುಗಿಸುತ್ತಿದ್ದೆ. ಮನೆಯಲ್ಲೂ ಈ ವಾದ ಚೆನ್ನಾಗಿ ಉಪಯೋಗಕ್ಕೆ ಬರುತ್ತಿತ್ತು. ನನ್ನ ಹೆಂಡತಿ ಸುಜಾತ, "ಗ್ಯಾಸ್ ಬುಕ್ ಮಾಡ್ಲಿಲ್ವೇನ್ರೀ?" ಎಂದರೆ, "ನನ್ನ ಮಿದುಳು ಇನ್ನೂ ತೀರ್ಮಾನ ಮಾಡಿಲ್ಲ ಕಣೇ" ಎನ್ನುತ್ತಿದ್ದೆ. "ಹಂಗಾದ್ರೆ ಊಟಾನೂ ಅದನ್ನೇ ಕೇಳಿ" ಎಂದು ಅವಳು ಒಳಗೆ ಹೋಗುತ್ತಿದ್ದಳು.

ಕಳೆದ ವರ್ಷ ಅತ್ತೆ ನಂಜಮ್ಮ ಮಾರ್ಕೋನಹಳ್ಳಿಯಿಂದ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಊರಿನ ಹಾಲಿನ ಡೇರಿಯನ್ನು ನೋಡಿಕೊಳ್ಳುವ ಹೆಂಗಸು. ಹಸುಗಳನ್ನೂ ಜನರನ್ನೂ ಒಂದೇ ದನಿಯಲ್ಲಿ ಗದರಿಸಿ ರೂಢಿ. ಮಗಳ ಮನೆಯಲ್ಲೂ ಎರಡು ದಿನಕ್ಕಿಂತ ಹೆಚ್ಚು ಕೂರುವವರಲ್ಲ. ಎರಡನೆಯ ದಿನ ಬೆಳಿಗ್ಗೆ, ಶಾಲೆಯ ಟೀಚರಾದ ಸುಜಾತ ಯಾವುದೋ ತರಬೇತಿಗೆಂದು ಗುಬ್ಬಿ ದಾಟಿ ಚೇಳೂರಿಗೆ ಹೋದಳು. ಅವಳು ಹೋಗಿ ಒಂದು ಗಂಟೆಯಾಗಿತ್ತು. ಅತ್ತೆ ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು.

"ಏನೂ ಇಲ್ಲ ಅಳಿಯಂದ್ರೆ, ನೆನ್ನೆಯಿಂದ ವಸಿ ನೋಯ್ತಾ ಅದೆ, ಅಷ್ಟೆ" ಎನ್ನುತ್ತಲೇ ಬೆವೆತು ಗೋಡೆಗೆ ಒರಗಿದರು. ಆಟೋ ಕರೆತಂದವರು ಎದುರುಮನೆಯವರು. ನಾನು ಯಾವ ಆಸ್ಪತ್ರೆ ಎಂದು ಯೋಚಿಸುತ್ತಿದ್ದೆ. ಆಟೋದವನು ತಾನೇ ಒಂದು ಆಸ್ಪತ್ರೆಯ ಮುಂದೆ ನಿಲ್ಲಿಸಿದ.

ಸ್ಕ್ಯಾನ್ ಆಯಿತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಅಪೆಂಡಿಕ್ಸ್ ತುಂಬಾ ಊದ್ಕೊಂಡಿದೆ ಸಾರ್. ಒಡೆದ್ರೆ ಹೊಟ್ಟೆಯೆಲ್ಲಾ ಕೀವಾಗುತ್ತೆ. ಇಂಜೆಕ್ಷನ್ ಕೊಟ್ಟು ಕಾದು ನೋಡೋರೂ ಇದ್ದಾರೆ, ಆದ್ರೆ ಇವ್ರಿಗೆ ನಾನು ಅದನ್ನ ಹೇಳಲ್ಲ. ಆಪರೇಷನ್ನೇ ಒಳ್ಳೇದು. ವಯಸ್ಸಾಗಿದೆ, ಬಿಪಿ ಇದೆ, ಅದ್ರಲ್ಲೂ ರಿಸ್ಕ್ ಇಲ್ಲ ಅಂತಲ್ಲ. ನೀವು ಸೈನ್ ಮಾಡಿದ್ರೆ ಥಿಯೇಟರ್ ರೆಡಿ ಮಾಡಿಸ್ತೀನಿ."

ನರ್ಸ್ ಒಂದು ಫಾರಮ್ಮು, ಒಂದು ಪೆನ್ನು ಕೈಗೆ ಕೊಟ್ಟಳು.

ಸುಜಾತಳಿಗೆ ಹನ್ನೊಂದು ಸಲ ಫೋನು ಮಾಡಿದೆ. ತರಬೇತಿಯಲ್ಲಿ ಎಲ್ಲರ ಫೋನನ್ನೂ ಆರಿಸಿಟ್ಟಿದ್ದರಂತೆ. ಕುಣಿಗಲ್ಲಿನಲ್ಲಿರುವ ಅವಳ ತಮ್ಮನಿಗೆ ಮಾಡಿದೆ. "ನೀವು ಓದ್ದೋರು ಭಾವ, ನೀವೇ ನೋಡಿ ಮಾಡಿ. ನಾನು ಹೊಂಟೆ" ಎಂದು ಅವನು ಇಟ್ಟೇಬಿಟ್ಟ. ನಾನು ಫಾರಮ್ಮು ಓದತೊಡಗಿದೆ. ಏನೇನು ಆಗಬಹುದು, ಅದಕ್ಕೆಲ್ಲ ಆಸ್ಪತ್ರೆ ಹೇಗೆ ಹೊಣೆಯಲ್ಲ ಎಂದು ಬರೆದಿತ್ತು. ಪೆನ್ನನ್ನು ಗೆರೆಯ ಮೇಲಿಟ್ಟು ಕಾದೆ. ಕೈ ಕದಲಲಿಲ್ಲ.

"ಪೆನ್ನು ಬರೀತಿಲ್ವಾ ಸಾರ್?" ನರ್ಸ್ ಕೇಳಿದಳು.

"ಬರೀತದೆ" ಎಂದೆ.

ಒಳಗೆ ಅತ್ತೆ ನರಳುವುದು ಕೇಳುತ್ತಿತ್ತು. ಸಹಿ ಹಾಕಿ ಅವರಿಗೆ ಏನಾದರೂ ಆದರೆ ನಾನೇ ಕೊಂದ ಹಾಗೆ. ಹಾಕದೆ ಒಡೆದುಹೋದರೂ ನಾನೇ ಕೊಂದ ಹಾಗೆ. ಇಷ್ಟು ವರ್ಷ ಪಾಠ ಹೇಳಿದ ಪ್ರಕಾರ ಇದರಲ್ಲಿ ನನ್ನದೇನೂ ಇರಬಾರದು. ಮಿದುಳು ತನ್ನ ಪಾಡಿಗೆ ಸಹಿ ಹಾಕಬೇಕು, ನಾನು ಆಮೇಲೆ ಬಂದು ಭಾಷಣ ಮಾಡಬೇಕು. ಅದರ ಸುಳಿವೇ ಇರಲಿಲ್ಲ. ತೀರ್ಮಾನ ನನ್ನದಲ್ಲ ಎನ್ನುವುದಾದರೆ ಈ ಹೆದರಿಕೆ ಮಾತ್ರ ಯಾಕೆ ಪೂರ್ತಿ ನನ್ನದೇ ಆಗಿತ್ತು? ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಡಾಕ್ಟರಮ್ಮ ಎರಡನೆಯ ಸಲ ಬಂದರು. ಈ ಸಲ ಅವರ ದನಿಯಲ್ಲಿ 'ಸಾರ್' ಇರಲಿಲ್ಲ. "ಇನ್ನೂ ಎಷ್ಟೊತ್ತು? ಅವ್ರಿಗೆ ಚಳಿ ಶುರುವಾಗಿದೆ."

ಆಗ ಒಳಗಿನಿಂದ ಅತ್ತೆ ಕೂಗಿದರು. "ಅಳಿಯಂದ್ರೆ, ಬನ್ನಿ ಇಲ್ಲಿ. ಅದೇನ್ ಕಾಗ್ದ ಅದು?"

ಮಂಚದ ಮೇಲೆ ಮಂಡಿ ಮಡಿಸಿಕೊಂಡು ನಡುಗುತ್ತಿದ್ದರು. ನಾನು ತೊದಲುತ್ತ ವಿವರಿಸಿದೆ. ಪೂರ್ತಿ ಕೇಳಲಿಲ್ಲ.

"ನಾನಿನ್ನೂ ಸತ್ತಿಲ್ವಲ್ಲ. ಹೊಟ್ಟೆ ನಂದು, ನೋವು ನಂದು, ಸೈನು ನಿಮ್ದ್ಯಾಕೆ? ಕೊಡಿ ಇತ್ಲಾಗೆ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು. "ಕುಯ್ದ್ರೆ ಬದುಕ್ತೀನೇನವ್ವಾ?"

"ಬದುಕೋದೇ ಜಾಸ್ತಿ ಅಮ್ಮ."

"ಕುಯ್ದೇ ಇದ್ರೆ?"

ಡಾಕ್ಟರಮ್ಮ ಕೈಗಡಿಯಾರ ನೋಡಿಕೊಂಡರು. ಅತ್ತೆ ಹಲ್ಲು ಕಚ್ಚಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ 'ನಂಜಮ್ಮ' ಎಂದು ಬರೆದರು. ಮೂರು ಅಕ್ಷರ. ಅರ್ಧ ನಿಮಿಷವೂ ಆಗಲಿಲ್ಲ. ಅದರ ಕೆಳಗೆ ಸಾಕ್ಷಿಯ ಸಹಿಗೆ ಒಂದು ಗೆರೆ ಇತ್ತು. ನರ್ಸ್ ತೋರಿಸಿದ ಕೂಡಲೇ ನನ್ನ ಕೈ ಸರಾಗವಾಗಿ ಓಡಿತು. ಇನ್ನೊಬ್ಬರ ತೀರ್ಮಾನಕ್ಕೆ ಸಾಕ್ಷಿ ಹಾಕುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಥಿಯೇಟರಿನ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತೆ. ಪ್ರಜ್ಞೆ ಎಂದರೇನು ಎಂಬುದಕ್ಕೆ ಕಡೇಪಕ್ಷ ನಾಲ್ಕು ಸಿದ್ಧಾಂತಗಳನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ಮೂಗಿಗೆ ಒಂದು ಮುಖವಾಡ ಹಿಡಿದ ಮೇಲೆ, ಅಷ್ಟು ಹೊತ್ತು ನಮ್ಮನ್ನೆಲ್ಲ ಗದರಿಸುತ್ತಿದ್ದ ನಂಜಮ್ಮ ಎನ್ನುವವರು ಎಲ್ಲಿಗೆ ಹೋದರು, ಅವರೇ ವಾಪಸ್ಸು ಬರುತ್ತಾರಾ ಎನ್ನುವುದಕ್ಕೆ ಅವುಗಳಲ್ಲಿ ಒಂದೂ ನನಗೆ ಧೈರ್ಯ ಹೇಳಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ದೇವರ ಹೆಸರು ಹೇಳಿಕೊಂಡೆ. ಕಾಲೇಜಿನಲ್ಲಿ ಯಾರಿಗೂ ಹೇಳಬೇಡಿ.

ಒಂದೂವರೆ ಗಂಟೆಯ ಮೇಲೆ ಡಾಕ್ಟರಮ್ಮ ಹೊರಬಂದು, "ಇನ್ನೇನು ಒಡೆಯೋದ್ರಲ್ಲಿತ್ತು. ಸದ್ಯ, ಹೊತ್ತಿಗೆ ಸರಿಯಾಗಿ ಆಯ್ತು" ಎಂದರು. ಸಂಜೆ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, "ಡೇರಿಗೆ ಫೋನ್ ಮಾಡಿ ಹೇಳುದ್ರಾ, ನಾಳೀಕ್ ಬರಕ್ಕಾಗಲ್ಲ ಅಂತ?" ಎಂದರು. ಅವರೇ ವಾಪಸ್ಸು ಬಂದಿದ್ದರು, ಸಂಶಯವಿರಲಿಲ್ಲ.

ಕುಣಿಗಲ್ಲಿನಿಂದ ಬಂದಿದ್ದ ಭಾವಮೈದ ಔಷಧಿ ತರಲು ಹೊರಗೆ ಹೋಗಿದ್ದ. ಅಷ್ಟರಲ್ಲಿ ಸುಜಾತ ಓಡಿ ಬಂದಳು. ಮಧ್ಯಾಹ್ನ ಫೋನು ನೋಡಿಕೊಂಡವಳು ಗುಬ್ಬಿಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅತ್ತುಕೊಂಡೇ ಬಂದಿದ್ದಳು. ಅಮ್ಮನ ಹಣೆ ಮುಟ್ಟಿ, ಕಾಲು ಮುಟ್ಟಿ, ಆಮೇಲೆ ಕೇಳಿದಳು. "ನಾನಿಲ್ದೆ ಸೈನ್ ಯಾರಮ್ಮಾ ಹಾಕಿದ್ದು?"

ನಾನು ಕಿಟಕಿಯ ಕಡೆ ನೋಡಿದೆ.

"ಇನ್ಯಾರು, ನಿನ್ ಗಂಡ" ಎಂದರು ಅತ್ತೆ. "ಡಾಕ್ಟ್ರು ಹೇಳ್ತಿದ್ದಂಗೆ ಹಿಂದೆಮುಂದೆ ನೋಡ್ದೆ ಹಾಕುದ್ರು. ಇಲ್ದಿದ್ರೆ ನಾನೆಲ್ಲಿರ್ತಿದ್ದೆ?"

ಡ್ರಿಪ್ ಬದಲಿಸುತ್ತಿದ್ದ ನರ್ಸ್ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಬಾಟಲಿಗೆ ಬಗ್ಗಿದಳು. ಸುಜಾತ ಅವಳೆದುರಿಗೇ ನನ್ನ ಕೈ ಹಿಡಿದುಕೊಂಡಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಿಜ ಹೇಳಲು ಬೇಕಾದಷ್ಟು ಸಮಯವಿತ್ತು. ಹೇಳು, ಹೇಳು ಎಂದು ನನ್ನ ಮಿದುಳು ನಾಲಿಗೆಯವರೆಗೂ ಮಾತು ತಯಾರು ಮಾಡಿ ತಂದಿಟ್ಟಿತ್ತು. ನಾನು ಎರಡೂ ಕಡೆ ತೂಗಿ ನೋಡಿ, ಯಾರ ಬಲವಂತವೂ ಇಲ್ಲದೆ, ಪೂರ್ತಿ ಎಚ್ಚರದಲ್ಲಿ, ನನ್ನ ಸ್ವಂತ ಇಚ್ಛೆಯಿಂದಲೇ ಬಾಯಿ ಮುಚ್ಚಿಕೊಂಡಿದ್ದೆ.