ನಟರ ಕೈಯಲ್ಲಿ ನನ್ನ ಪುಸ್ತಕದ ಒಂದು ಫೋಟೋ

ಬನಹಟ್ಟಿಯಲ್ಲಿ ವ್ಯಕ್ತಿಯೊಬ್ಬ ಕಥಾ ಸಂಕಲನ ಬರೆದು ಮುಗಿಸಿದ್ದಾನೆ. ಪ್ರಾಣಹಾನಿ ವರದಿಯಾಗಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದ್ದು, ಮನೆಯವರು ಧೈರ್ಯದಿಂದಿದ್ದಾರೆ. ಜಮಖಂಡಿಯಿಂದ ಬೀಳಗಿಯವರೆಗೆ ಇಂಥ ಘಟನೆಗಳು ಆಗಾಗ ನಡೆಯುತ್ತಲೇ ಇರುತ್ತವೆ. ಹೆಚ್ಚಿನವು ಬೆಳಕಿಗೆ ಬರುವುದಿಲ್ಲ. ಈ ಸಲದ ವ್ಯಕ್ತಿ ನಾನು.

ನಾನು ಸಕ್ಕರೆ ಕಾರ್ಖಾನೆಯೊಂದರ ತೂಕದ ಮನೆಯಲ್ಲಿ ಗುಮಾಸ್ತ. ಒಂದು ಟ್ರ್ಯಾಕ್ಟರ್ ಇಳಿದು ಇನ್ನೊಂದು ಏರುವ ನಡುವೆ, ಕುದಿಯುವ ಕಬ್ಬಿನ ಹಾಲಿನ ವಾಸನೆಯ ಮಂಪರಿನಲ್ಲಿ ಬರೆದ ಕಥೆಗಳಿವು.

ಯಾರು ಬಲ್ಲರು?

ಜಮಖಂಡಿಯ ಪ್ರಕಾಶಕರ ಬಳಿ ಹೋದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಪುಸ್ತಕದ ಮುಖಪುಟ ಕಬ್ಬಿನ ಹೊಲಗಳ ಮೇಲೆ ತೇಲುತ್ತ ಬಂತು. ಜಮಖಂಡಿ ಬಂದಾಗ ಅದು ಇಳಿಯಲಿಲ್ಲ; ನಾನೊಬ್ಬನೇ ಇಳಿದೆ.

“ಕಥಿ ಛಲೋ ಅದಾವ್ರೀ,” ಎಂದರು ಪ್ರಕಾಶಕರು. “ಆದ್ರ ನಿಮ್ಮನ್ನ ಯಾರು ಬಲ್ಲರು?”

“ಎಲ್ಲಾ ಟ್ರ್ಯಾಕ್ಟರ್ ಡ್ರೈವರ್‌ಗೋಳು ಬಲ್ಲರು.”

“ಅವರು ಓದ್ತಾರೇನು?”

“ಹಾರ್ನ್ ಹೊಡೀತಾರ.”

ಅವರ ಮೇಜಿನ ಮೇಲೆ ಮುಧೋಳದ ಧಾರಾವಾಹಿ ನಟರೊಬ್ಬರ ಆತ್ಮಕಥೆ ಇತ್ತು. ತಿರುವಿದೆ. ಪುಟಪುಟಕ್ಕೂ ನಟರ ಫೋಟೋ.

“ಇದರಾಗ ಬರಹ ಎಲ್ಲೈತ್ರೀ?”

“ಫೋಟೋದ ಕೆಳಗ.”

ಕೊನೆಗೆ ಕರಾರಾಯಿತು. ಪುಸ್ತಕ ಅಚ್ಚಾಗುತ್ತದೆ. ಆ ನಟರು ಅದನ್ನು ಕೈಯಲ್ಲಿ ಹಿಡಿದ ಒಂದು ಫೋಟೋ ನಾನು ತಂದುಕೊಟ್ಟರೆ ಅಂಗಡಿಗಳಿಗೆ ಹೋಗುತ್ತದೆ. ತರದಿದ್ದರೆ ಅಷ್ಟೂ ಪ್ರತಿ ನಮ್ಮ ಮನೆಗೆ.

ಮೊದಲ ಓದುಗ

ಅಚ್ಚಿಗೆ ಕೊಡುವ ಮುಂಚೆ ಯಾರಿಗಾದರೂ ಓದಿ ತೋರಿಸೋಣವೆಂದು ಬೀಳಗಿಯ ಗೆಳೆಯನನ್ನು ಹಿನ್ನೀರಿನ ದಂಡೆಗೆ ಕರೆದೊಯ್ದೆ. ನೀರು ಅಲ್ಲಾಡುತ್ತಿರಲಿಲ್ಲ. ದೂರದಲ್ಲಿ ಬೆಳ್ಳಕ್ಕಿಗಳು ಒಂಟಿಗಾಲಲ್ಲಿ ನಿಂತು ಕೇಳಿದವು. ಅರ್ಧ ಕಥೆಗೆ ಗೆಳೆಯ ಕಣ್ಣು ಮುಚ್ಚಿದ. ಎದೆಗೆ ನಾಟಿತೆಂದು ನಾನು ದನಿ ಇನ್ನಷ್ಟು ಇಳಿಸಿದೆ.

ಮುಗಿದ ಮೇಲೆ ಕೇಳಿದೆ: “ಹೆಂಗಿತ್ತಲೇ?”

“ತಿಂಗಳಾಗಿತ್ತು ನೋಡು, ಇಂಥಾ ನಿದ್ದಿ ಬಂದಿರಲಿಲ್ಲ. ಇನ್ನೊಂದು ಐತೇನು?”

ಇನ್ನೊಂದು ಬೇಕು ಎಂದ ಓದುಗ ಇಲ್ಲಿಯವರೆಗೆ ಅವನೊಬ್ಬನೇ.

ಮುನ್ನುಡಿ

ಮುಧೋಳಕ್ಕೆ ಹೋಗಿ ನಟರನ್ನು ಕಂಡೆ. ಒಳ್ಳೆಯ ಮನುಷ್ಯರು. ಬಿಡುಗಡೆಗೆ ಬರಲು ಒಪ್ಪಿದ್ದಲ್ಲದೆ, ಕೇಳದಿದ್ದರೂ ನಾಲ್ಕು ಪುಟ ಮುನ್ನುಡಿ ಕಳಿಸಿದರು. ಅದರಲ್ಲಿ ಅವರ ಬಾಲ್ಯ, ಮೊದಲ ಧಾರಾವಾಹಿ, ವ್ಯಾಯಾಮದ ವೇಳೆ ಎಲ್ಲ ಇತ್ತು. ಕೊನೆಯ ಸಾಲು: “ಲೇಖಕರಿಗೆ ಒಳ್ಳೆಯದಾಗಲಿ.”

ಹೆಂಡತಿ ಎರಡು ಸಲ ಓದಿದಳು. “ಇದರಾಗ ನೀವು ಎಲ್ಲಿ ಅದೀರಿ?”

“ಕಡೀ ಸಾಲಿನಾಗ. ‘ಲೇಖಕರು’ ಅಂತ ಐತಲ್ಲ, ಅದು ನಾನು.”

“ಅವರೂ ಪುಸ್ತಕ ಬರದಾರಲ್ರೀ,” ಎಂದಳು. “ಅದೂ ಅವರೇ ಇರಬೇಕು.”

ಬಿಡುಗಡೆ

ಸಮಾರಂಭ ಬನಹಟ್ಟಿಯಲ್ಲಿ. ಪುಸ್ತಕಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟುವ ಹೊಣೆಯನ್ನು ನನ್ನ ಸೋದರಮಾವ ಹೊತ್ತ. ಮಾವ ನೇಕಾರ. ಮಗ್ಗದ ಸೀರೆಗಳನ್ನು ಕಟ್ಟಿ ಊರೂರಿಗೆ ಕಳಿಸುವುದರಲ್ಲೇ ಅವನ ಆಯುಷ್ಯ ಕಳೆದಿದೆ. ದಾರಿಯಲ್ಲಿ ಯಾರೂ ಬಿಚ್ಚದಂತೆ ಕಟ್ಟುವುದು ಅವನ ಕಸುಬು.

ನಟರು ನಗುತ್ತ ರಿಬ್ಬನ್ ಎಳೆದರು. ಗಂಟು ಬಿಗಿಯಿತು. ಇನ್ನೊಂದು ತುದಿ ಎಳೆದರು. ಇನ್ನೂ ಬಿಗಿಯಿತು. ಕೆಳಗೆ ಕೂತವರೆಲ್ಲ ನೇಕಾರರು, ಸುಮ್ಮನಿರುವುದು ಹೇಗೆ?

“ಆ ತುದಿ ಅಲ್ರೀ ಸಾಹೇಬ್ರ, ಒಳಗಿಂದು!”

“ಎಳೀಬ್ಯಾಡ್ರೀ, ಒತ್ರಿ!”

ನಟರು ಹಲ್ಲು ಹಚ್ಚಿದರು. ಆ ಭಂಗಿಯ ಫೋಟೋ ಬೇಡವೆಂದು ಅವರ ಕಡೆಯವರು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದರು. ನಾನು ಕತ್ತರಿ ಬೇಡಿದೆ. ಮಾವ ಎದ್ದು ನಿಂತ. “ಲೇ ಅಳಿಯಾ, ಶುಭಕಾರ್ಯದಾಗ ಕತ್ತರಿ ಹಚ್ತೀಯೇನ?”

ನಟರಿಗೆ ಮಹಾಲಿಂಗಪುರದಲ್ಲಿ ಅಂಗಡಿಯೊಂದರ ಉದ್ಘಾಟನೆಯಿತ್ತು. ಗಡಿಯಾರ ನೋಡಿ, ಚೀಲದಿಂದ ತಮ್ಮ ಆತ್ಮಕಥೆ ತೆಗೆದು, ಒಂದು ತುದಿ ನನ್ನ ಕೈಗೆ ಕೊಟ್ಟು, ಕ್ಯಾಮೆರಾ ನೋಡಿ ನಕ್ಕರು. ನಾನೂ ನಕ್ಕೆ. ಚಪ್ಪಾಳೆಯಾಯಿತು. ಕಾರು ಹೋಯಿತು.

ಮಾವ ವೇದಿಕೆ ಹತ್ತಿ, ಹೆಬ್ಬೆರಳಿನಿಂದ ಗಂಟನ್ನು ಒಮ್ಮೆ ಒತ್ತಿದ. ಹೂವಿನಂತೆ ಬಿಚ್ಚಿಕೊಂಡಿತು.

“ಮೊದ್ಲೇ ಹೇಳಬೇಕಿಲ್ಲೇನು ಮಾವಾ?”

“ಯಾರು ಕೇಳಿದ್ರು?”

ಫೋಟೋ ಪ್ರಕಾಶಕರಿಗೆ ಬಹಳ ಹಿಡಿಸಿತು. ಆತ್ಮಕಥೆಯ ಎರಡನೇ ಮುದ್ರಣದ ಹಿಂಬದಿಯಲ್ಲಿ ಹಾಕಿದರು. ಅಡಿಯಲ್ಲಿ ‘ಅಭಿಮಾನಿಯೊಂದಿಗೆ’ ಎಂದಿದೆ. ನನ್ನ ಪುಸ್ತಕಗಳು ಕರಾರಿನ ಪ್ರಕಾರ ನಮ್ಮ ಮನೆಗೆ ಬಂದವು.

ಮಾವನಿಗೆ ಮನಸ್ಸಿಗೆ ಹತ್ತಿತೋ ಏನೋ. ನನಗೆ ಹೇಳದೆ, ಸೀರೆಯ ಕಟ್ಟಿಗೊಂದರಂತೆ ಪುಸ್ತಕ ಇಟ್ಟು ಕಳಿಸತೊಡಗಿದ. ಹಸಿರು, ಕೆಂಪು ಸೀರೆಗಳ ಮಡಿಕೆಯೊಳಗೆ ಮಲಗಿ ನನ್ನ ಕಥೆಗಳು ನಾನು ಕಾಣದ ಊರುಗಳಿಗೆ ಹೋದವು.

ಇದುವರೆಗೆ ಒಂದು ಪ್ರತಿ ವಾಪಸ್ ಬಂದಿದೆ. ‘ಇದನ್ನು ಆರ್ಡರ್ ಮಾಡಿರಲಿಲ್ಲ’ ಎಂಬ ಚೀಟಿ ಇದೆ. ಕೊನೆಯ ಕಥೆಯ ಕೊನೆಯ ಪುಟದಲ್ಲಿ ಚಹಾದ ಕಲೆ ಇದೆ.